ಆರು ತುದಿಗಳ ಪ್ರಶ್ನೆ

ಅಂಬರನಾಥದಲ್ಲಿ ವಾಲಧುನಿ ಹೊಳೆಯ ದಂಡೆಯ ಮೇಲೆ ಒಂದು ಹಳೆಯ ಶಿವಾಲಯವಿದೆ. ಅಲ್ಲಿನ ಶಾಸನದಲ್ಲಿ ಶಕ 982 ಎಂಬ ಕಾಲವಿದೆ, ಅಂದರೆ ಕ್ರಿ.ಶ. 1060. ಶಿಲಾಹಾರ ದೊರೆ ಮುಮ್ಮುಣಿಯ ಕಾಲದ ಗುಡಿ ಅದು ಎಂದು ಇಂದಿಗೂ ಹೇಳಲು ಆಗುವುದು ಕಲ್ಲಿನ ಮೇಲಿನ ಆ ಕೆಲವು ಸಾಲುಗಳಿಂದ. ಗುಡಿಯಿಂದ ತುಸು ದೂರದಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶವಿದೆ. ಅಲ್ಲಿ ತಿರುಗುವ ಯಾವುದೇ ಮೋಟಾರಿನ ನಾಮಫಲಕವನ್ನು ಒರೆಸಿ ಓದಿದರೆ ಕಿಲೋವಾಟ್, ವೋಲ್ಟ್, ಆಂಪಿಯರ್, ವೇಗ, ದಕ್ಷತೆಯ ದರ್ಜೆ, ಸ್ಟಾರೋ ಡೆಲ್ಟಾವೋ ಎಂಬ ಒಂದು ಗುರುತು ಸಿಗುತ್ತವೆ. ಒಳಗಿನ ತಾಮ್ರ ಎಷ್ಟು ಸುತ್ತು, ಎಷ್ಟು ಸ್ಲಾಟ್ ದಾಟಿ ಮಡಚಿದೆ, ಎಷ್ಟು ದಾರಿಗಳಾಗಿ ಒಡೆದು ಮತ್ತೆ ಕೂಡಿದೆ ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ. ಸಾವಿರ ವರ್ಷದ ಹಿಂದಿನ ಕಲ್ಲು ತನ್ನ ಹುಟ್ಟಿನ ಲೆಕ್ಕ ಕೊಡುತ್ತದೆ. ಹತ್ತು ವರ್ಷದ ಮೋಟಾರು ಕೊಡುವುದಿಲ್ಲ.

ಈ ಮೌನ ಸಣ್ಣ ವಿಷಯವೆಂದು ಎಲ್ಲರೂ ಒಪ್ಪಿಕೊಂಡಂತಿದೆ. ತಯಾರಕರು ಅದನ್ನು ವ್ಯಾಪಾರದ ಗುಟ್ಟು ಎನ್ನುತ್ತಾರೆ. ಇಂಜಿನಿಯರಿಂಗ್ ಕಾಲೇಜುಗಳು ಅದನ್ನು ಕೇಳುವುದೇ ಇಲ್ಲ. ಸಾಫ್ಟ್‌ವೇರ್ ಮಾರುವವರು ‘ಅದನ್ನು ಪ್ರೋಗ್ರಾಂ ತಾನೇ ಹಾಕಿಕೊಳ್ಳುತ್ತದೆ’ ಎನ್ನುತ್ತಾರೆ. ಈ ಮೂರೂ ಮಾತು ತಪ್ಪು. ಮೋಟಾರಿನ ವಿದ್ಯುತ್ಕಾಂತೀಯ ವಿಶ್ಲೇಷಣೆ ಎಂಬ ದೊಡ್ಡ ಹೆಸರಿನ ಕೆಲಸದಲ್ಲಿ ಅತಿ ಹೆಚ್ಚು ಎಡವುವುದು ಸಮೀಕರಣದಲ್ಲಿ ಅಲ್ಲ, ಜಾಲರಿಯಲ್ಲಿ ಅಲ್ಲ, ಆ ಹೇಳದೇ ಉಳಿದ ಜೋಡಣೆಯಲ್ಲಿ. ಆ ಜೋಡಣೆಯನ್ನು ಬಲ್ಲವರು ಡಿಗ್ರಿ ಇಲ್ಲದ ವೈಂಡರುಗಳು. ಅವರಿಂದ ಕಲಿಯದ ಇಂಜಿನಿಯರು ತೆರೆಯ ಮೇಲೆ ಎಷ್ಟು ಬಣ್ಣದ ಚಿತ್ರ ತೆಗೆದರೂ ಅದು ಬೇರೊಂದು ಮೋಟಾರಿನ ಚಿತ್ರ.

ಸಮೀಕರಣಕ್ಕೆ ಗೊತ್ತಿಲ್ಲದ ವಿಷಯ

ಮೊದಲು ಸಾಫ್ಟ್‌ವೇರ್ ಏನು ಮಾಡುತ್ತದೆ ಎಂಬುದನ್ನು ನೇರವಾಗಿ ಹೇಳಬೇಕು. ಮೋಟಾರಿನ ಅಡ್ಡಕೊಯ್ತವನ್ನು ಸಾವಿರಾರು ಸಣ್ಣ ತ್ರಿಕೋನಗಳಾಗಿ ಒಡೆದು, ಪ್ರತಿ ತ್ರಿಕೋನದಲ್ಲೂ ಕಾಂತಕ್ಷೇತ್ರವನ್ನು ಲೆಕ್ಕ ಹಾಕುವ ವಿಧಾನ ಇದು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಸಿಲ್ವೆಸ್ಟರ್ ಮತ್ತು ಎಂ.ವಿ.ಕೆ. ಚಾರಿ 1970ರಲ್ಲಿ, ಕಬ್ಬಿಣ ಸ್ಯಾಚುರೇಟ್ ಆಗುವ ಯಂತ್ರಗಳಿಗೂ ಈ ಲೆಕ್ಕ ನಡೆಯುತ್ತದೆ ಎಂದು ತೋರಿಸಿದರು. ಇಂದು ಮಾರುಕಟ್ಟೆಯಲ್ಲಿರುವ ಮ್ಯಾಕ್ಸ್‌ವೆಲ್, ಜೆಮ್ಯಾಗ್, ಫ್ಲಕ್ಸ್, ಪುಕ್ಕಟೆ ಸಿಗುವ ಎಫ್‌ಇಎಂಎಂ ಎಲ್ಲವೂ ಅದೇ ದಾರಿಯ ಪ್ರಯಾಣಿಕರು.

ಈ ಲೆಕ್ಕಕ್ಕೆ ಬೇಕಾದದ್ದು ಒಂದೇ: ಯಾವ ಸ್ಲಾಟಿನಲ್ಲಿ, ಯಾವ ದಿಕ್ಕಿಗೆ, ಎಷ್ಟು ಆಂಪಿಯರ್. ಅದು ಸ್ಟಾರೋ ಡೆಲ್ಟಾವೋ, ಸೀರೀಸೋ ಪ್ಯಾರಲಲೋ ಎಂಬುದು ಕ್ಷೇತ್ರದ ಸಮೀಕರಣಕ್ಕೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಜೋಡಣೆ ಸ್ಲಾಟಿನ ಹೊರಗೆ, ಕಾಯಿಲ್‌ಗಳ ತಲೆಯ ಹತ್ತಿರ, ಸ್ಲೀವ್ ಹಾಕಿ ದಾರದಿಂದ ಕಟ್ಟಿದ ಗಂಟುಗಳಲ್ಲಿ ಇರುತ್ತದೆ. ಅಡ್ಡಕೊಯ್ತದ ಚಿತ್ರದಲ್ಲಿ ಆ ಗಂಟು ಕಾಣುವುದೇ ಇಲ್ಲ. ಅದನ್ನು ಬೇರೊಂದು ಕಡೆ, ಸರ್ಕ್ಯೂಟಿನ ಸಮೀಕರಣವಾಗಿ, ಮನುಷ್ಯನೇ ಬರೆದುಕೊಡಬೇಕು.

ಜನರಲ್ ಎಲೆಕ್ಟ್ರಿಕ್‌ನ ಗೇಬ್ರಿಯಲ್ ಕ್ರಾನ್ 1930ರ ದಶಕದಲ್ಲೇ ಇದನ್ನು ಗಣಿತದಲ್ಲಿ ಕಟ್ಟಿಕೊಟ್ಟಿದ್ದ. ಬಿಡಿಬಿಡಿ ಕಾಯಿಲ್‌ಗಳ ಲೆಕ್ಕ ಒಂದು ಕಡೆ. ಅವನ್ನು ಹೇಗೆ ಕಟ್ಟಿದೆ ಎಂಬುದು ಸೊನ್ನೆ, ಒಂದು, ಋಣ ಒಂದುಗಳ ಒಂದು ಪಟ್ಟಿ. ಆ ಪಟ್ಟಿ ಬದಲಾದರೆ ಅದೇ ತಾಮ್ರ, ಅದೇ ಕಬ್ಬಿಣ ಬೇರೆಯೇ ಯಂತ್ರವಾಗುತ್ತದೆ. ಸ್ವೀಡನ್ನಿನ ರಾಬರ್ಟ್ ಡಾಲಾಂಡರ್ 1897ರಲ್ಲೇ ಇದನ್ನು ಕೈಯಲ್ಲಿ ಮಾಡಿ ತೋರಿಸಿದ. ಒಂದೇ ವೈಂಡಿಂಗಿನ ಅರ್ಧ ಭಾಗದಲ್ಲಿ ಕರೆಂಟಿನ ದಿಕ್ಕು ತಿರುಗಿಸಿದರೆ ಧ್ರುವಗಳ ಸಂಖ್ಯೆ ಎರಡು ಪಟ್ಟಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಎರಡು ವೇಗದ ಮೋಟಾರುಗಳು ಇಂದಿಗೂ ಅದೇ ಉಪಾಯದಿಂದ ನಡೆಯುತ್ತಿವೆ.

ಅಂಬರನಾಥದವರಿಗೆ ಇದನ್ನು ಹೇಳಿಕೊಡಲು ಪುಸ್ತಕ ಬೇಡ. 1925ರ ಫೆಬ್ರವರಿ 3ರಂದು ಬೊಂಬಾಯಿಯಲ್ಲಿ ಮೊದಲ ವಿದ್ಯುತ್ ರೈಲು ಓಡಿತು. ಕೆಲವೇ ವರ್ಷಗಳಲ್ಲಿ ತಂತಿ ಕಲ್ಯಾಣ ದಾಟಿ, ಅಂಬರನಾಥ ದಾಟಿ, ಘಟ್ಟ ಹತ್ತಿ ಪುಣೆ ಮುಟ್ಟಿತು. ಕಲ್ಯಾಣದ ಲೋಕೋ ಶೆಡ್‌ನ 1500 ವೋಲ್ಟ್ ಡಿಸಿ ಎಂಜಿನ್‌ಗಳಲ್ಲಿ ಚಾಲಕ ಹೊರಡುವಾಗ ಮೋಟಾರುಗಳನ್ನು ಸೀರೀಸ್‌ನಲ್ಲಿ ಇಡುತ್ತಿದ್ದ, ವೇಗ ಬಂದಮೇಲೆ ಪ್ಯಾರಲಲ್‌ಗೆ ತರುತ್ತಿದ್ದ. ಮೋಟಾರು ಅವೇ, ವೋಲ್ಟೇಜು ಅದೇ, ಬದಲಾದದ್ದು ಕಟ್ಟು ಮಾತ್ರ. 2007ರಿಂದ ಮುಂಬೈ ಹಳಿಗೆ ಬಂದ ಹೊಸ ಲೋಕಲ್‌ಗಳಲ್ಲಿ ಮೂರು ಫೇಸಿನ ಇಂಡಕ್ಷನ್ ಮೋಟಾರುಗಳಿವೆ. 2015ರ ಹೊತ್ತಿಗೆ ಮಧ್ಯ ರೈಲ್ವೆಯ ಮುಖ್ಯ ಮಾರ್ಗವೂ 25,000 ವೋಲ್ಟ್ ಎಸಿಗೆ ಬದಲಾಯಿತು. ಬೆಳಗಿನ ಲೋಕಲ್‌ಗೆ ಜೋತುಬಿದ್ದು ಹೋಗುವ ಪ್ರತಿಯೊಬ್ಬರನ್ನೂ ದಿನವೂ ಎಳೆಯುವುದು ಯಾರೋ ಸರಿಯಾಗಿ ಕಟ್ಟಿದ ಗಂಟುಗಳೇ.

ಒಂದು ನೋಟ್‌ಬುಕ್ಕು, ಒಂದು ಲ್ಯಾಪ್‌ಟಾಪು

ತಪ್ಪು ಎಲ್ಲಿ ಆಗುತ್ತದೆ ಎಂಬುದನ್ನು ಕಾಣಲು ಒಂದು ದಿನವನ್ನು ಊಹಿಸಿ. ಅಂಬರನಾಥ ಪೂರ್ವದ ಒಂದು ರಿವೈಂಡಿಂಗ್ ಅಂಗಡಿ. ಕಲ್ಯಾಣ, ಡೊಂಬಿವಲಿ, ಅಂಬರನಾಥದ ಪಟ್ಟಿಯಲ್ಲಿ ಉಡುಪಿ ಕಡೆಯವರು ಹೋಟೆಲಿಗೆ ಬಂದರು, ವಿಜಯಪುರ, ಕಲಬುರಗಿ ಕಡೆಯವರು ಕೂಲಿಗೆ, ಕಾರ್ಖಾನೆಗೆ ಬಂದರು. ಅಂಗಡಿಯ ಹಿರಿಯ ವೈಂಡರ್ ವಿಜಯಪುರ ಕಡೆಯವನು ಎಂದಿಟ್ಟುಕೊಳ್ಳೋಣ. ಲ್ಯಾಪ್‌ಟಾಪ್ ಹಿಡಿದು ಬಂದವನು ನವಿ ಮುಂಬೈಯ ಕಾಲೇಜಿನಲ್ಲಿ ಕೊನೆಯ ವರ್ಷ ಓದುವ, ಅದೇ ಜಿಲ್ಲೆಯ ಮೂಲದ ಹುಡುಗ. ಪ್ರಾಜೆಕ್ಟಿಗೆ ಒಂದು ಮೋಟಾರಿನ ಮಾಡೆಲ್ ಬೇಕು. ಮೇಜಿನ ಮೇಲೆ 10 ಎಚ್‌ಪಿ, 415 ವೋಲ್ಟ್, 4 ಪೋಲ್, 36 ಸ್ಲಾಟಿನ ಸ್ಟೇಟರ್ ಸುಟ್ಟು ಬಿದ್ದಿದೆ. ವೈಂಡರನ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು: 45 ಸುತ್ತು, ಜೋಡಿ ತಂತಿ, ಪಿಚ್ 1–9, 2 ಪ್ಯಾರಲಲ್, ಡೆಲ್ಟಾ.

ಹುಡುಗ ಟೈಪ್ ಮಾಡತೊಡಗುತ್ತಾನೆ. ‘ಜೋಡಿ ತಂತಿ, 45 ಸುತ್ತು’ ಎಂದರೆ 90 ಎಂದುಕೊಳ್ಳುತ್ತಾನೆ.

‘ಕಾಕಾ, ಇದು 90 ಅಲ್ಲೇನ್ರಿ?’

‘ಇಲ್ಲೋ ತಮ್ಮಾ. ದಪ್ಪ ತಂತಿ ಸ್ಲಾಟಿನಾಗ ಕೂಡಂಗಿಲ್ಲಂತ ಎರಡು ಸಣ್ಣ ತಂತಿ ಕೂಡಿಸಿ ಹಾಕೇವಿ. ಸುತ್ತು 45ಽ. ಪ್ಯಾರಲಲ್ ಬ್ಯಾರೆ, ಜೋಡಿ ತಂತಿ ಬ್ಯಾರೆ.’

ಇಷ್ಟೇ ಮಾತು. ಆದರೆ ಈ ಮಾತು ಯಾವ ತೆರೆಯ ಮೇಲೂ ಬರುವುದಿಲ್ಲ. ಸಾಫ್ಟ್‌ವೇರಿನಲ್ಲಿ ಒಟ್ಟಿಗೆ ಸುತ್ತಿದ ಎಳೆಗಳ ಸಂಖ್ಯೆಗೆ ಒಂದು ಖಾನೆ, ಪ್ಯಾರಲಲ್ ದಾರಿಗಳ ಸಂಖ್ಯೆಗೆ ಇನ್ನೊಂದು ಖಾನೆ, ಒಂದು ಸ್ಲಾಟಿನ ಕಂಡಕ್ಟರುಗಳಿಗೆ ಮತ್ತೊಂದು. ಮೂರಕ್ಕೂ ಏನೋ ಒಂದು ಅಂಕಿ ಹಾಕಿದರೆ ಸಾಕು, ಪ್ರೋಗ್ರಾಂ ಓಡುತ್ತದೆ.

ಈಗ ಲೆಕ್ಕ ನೋಡಿ. 36 ಸ್ಲಾಟು, ಪ್ರತಿ ಸ್ಲಾಟಿನಲ್ಲಿ ಎರಡು ಪದರ, ಒಟ್ಟು 36 ಕಾಯಿಲ್. ಒಂದು ಫೇಸಿಗೆ 12, ಮೂರು ಮೂರರ ನಾಲ್ಕು ಗುಂಪು. ಎರಡು ಪ್ಯಾರಲಲ್ ಎಂದರೆ ಒಂದೊಂದು ದಾರಿಯಲ್ಲಿ 6 ಕಾಯಿಲ್, ಅಂದರೆ 270 ಸುತ್ತು. ಪಿಚ್ 1–9 ಇದ್ದಾಗ ವೈಂಡಿಂಗ್ ಫ್ಯಾಕ್ಟರ್ ಸುಮಾರು 0.945. ಫೇಸಿಗೆ 415 ವೋಲ್ಟ್, 50 ಹರ್ಟ್ಸ್ ಕೊಟ್ಟರೆ ಪ್ರತಿ ಧ್ರುವದ ಕಾಂತಪ್ರವಾಹ ಸುಮಾರು 7.3 ಮಿಲಿವೆಬರ್. ಆ ಗಾತ್ರದ ಕಬ್ಬಿಣಕ್ಕೆ ಹೊಂದುವ ಅಂಕಿ ಅದು.

ಪ್ಯಾರಲಲ್ ಖಾನೆಯಲ್ಲಿ 2ರ ಬದಲು 1 ಬಿದ್ದರೆ ಪ್ರೋಗ್ರಾಮಿನ ಕಣ್ಣಿಗೆ 540 ಸುತ್ತು. ಕಾಂತಪ್ರವಾಹ ಅರ್ಧಕ್ಕೆ ಇಳಿಯುತ್ತದೆ, ಟಾರ್ಕ್ ಹೆಚ್ಚುಕಡಿಮೆ ಕಾಲು ಭಾಗವಾಗುತ್ತದೆ. ಎರಡು ಪದರವಿರುವುದನ್ನು ಮರೆತು ಸ್ಲಾಟಿಗೆ 45 ಕಂಡಕ್ಟರ್ ಎಂದು ಬರೆದರೆ ಸುತ್ತು 135ಕ್ಕೆ ಇಳಿದು, ಕಾಂತಪ್ರವಾಹ ಎರಡು ಪಟ್ಟಾಗಬೇಕಾಗಿ ಬಂದು ಕಬ್ಬಿಣ ಸ್ಯಾಚುರೇಟ್ ಆಗುತ್ತದೆ, ಕರೆಂಟು ಹುಚ್ಚಾಪಟ್ಟೆ ಏರುತ್ತದೆ. ಇವೆರಡೂ ದೊಡ್ಡ ತಪ್ಪುಗಳು, ಆದ್ದರಿಂದ ಕಣ್ಣಿಗೆ ಬೀಳುತ್ತವೆ. ಅಪಾಯ ಬೀಳದವುಗಳಲ್ಲಿದೆ.

ಹುಡುಗ ಎರಡು ತಪ್ಪನ್ನೂ ಒಟ್ಟಿಗೆ ಮಾಡಿದ ಎನ್ನಿ. ಜೋಡಿ ತಂತಿಯನ್ನು ಸುತ್ತು ಎಂದು ಎಣಿಸಿ 90 ಎಂದ. ಎರಡು ಪದರ ಮರೆತು ಸ್ಲಾಟಿಗೂ ಅದೇ 90 ಎಂದ. ನಿಜವಾದ ಅಂಕಿಯೂ 90, ಏಕೆಂದರೆ 45 ಸುತ್ತಿನ ಎರಡು ಕಾಯಿಲ್‌ಗಳ ಬದಿಗಳು ಒಂದೇ ಸ್ಲಾಟಿನಲ್ಲಿ ಕೂತಿವೆ. ಕಾಂತಪ್ರವಾಹ ಸರಿ ಬಂತು, ಟಾರ್ಕ್ ಹೊಂದಿತು, ಪ್ರಾಜೆಕ್ಟಿಗೆ ಒಳ್ಳೆಯ ಮಾರ್ಕ್ಸ್ ಬಂತು. ಆದರೆ ಆ ಮಾಡೆಲ್‌ನಲ್ಲಿ ಪ್ರತಿ ಕಂಡಕ್ಟರಿಗೂ ಒಂದೇ ಎಳೆ ತಂತಿ. ನಿಜದಲ್ಲಿ ಎರಡು. ಹಾಗಾಗಿ ಸ್ಟೇಟರಿನ ರೆಸಿಸ್ಟೆನ್ಸ್ ಎರಡು ಪಟ್ಟು, ತಾಮ್ರದಲ್ಲಿ ಹೋಗುವ ಶಾಖವೂ ಎರಡು ಪಟ್ಟು. ಆ ಹುಡುಗ ಮುಂದೆ ಬರೆಯುವ ವರದಿಯಲ್ಲಿ ‘ಈ ಮೋಟಾರಿನ ದಕ್ಷತೆ ಕಡಿಮೆ, ಬದಲಾಯಿಸಿ’ ಎಂಬ ಸಾಲು ಇರುತ್ತದೆ. ಒಳ್ಳೆಯ ಮೋಟಾರು ಗುಜರಿಗೆ ಹೋಗುತ್ತದೆ. ಒಂದು ಮಾತು ಕೇಳಿದ್ದರೆ ತಪ್ಪುತ್ತಿತ್ತು.

ನಾಲ್ಕು ವೋಲ್ಟೇಜು, ಒಂದು ಮೋಟಾರು

ಸ್ಟಾರ್ ಡೆಲ್ಟಾದ ಗೊಂದಲ ಇದಕ್ಕಿಂತ ಹಳೆಯದು, ಇದಕ್ಕಿಂತ ಸಾಮಾನ್ಯ. ಟರ್ಮಿನಲ್ ಬಾಕ್ಸಿನಲ್ಲಿ ಆರು ತುದಿಗಳಿವೆ. ಮೂರನ್ನು ಒಂದುಗೂಡಿಸಿದರೆ ಸ್ಟಾರ್. ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಸೇರಿಸುತ್ತ ಹೋದರೆ ಡೆಲ್ಟಾ. ಹೊಲದ ಪಂಪಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿಸಿದ ರೈತನಿಗೂ ಇದು ಗೊತ್ತು.

ಸಾಫ್ಟ್‌ವೇರ್ ಮಾತ್ರ ಕೇಳುವುದು ‘ವೋಲ್ಟೇಜ್’ ಎಂದು. ಅದು ಲೈನಿನದೋ ಫೇಸಿನದೋ? ಆರ್‌ಎಂಎಸ್ಸೋ ಶಿಖರದ್ದೋ? ಒಂದೇ 415 ವೋಲ್ಟ್ ಸರಬರಾಜಿಗೆ ನಾಲ್ಕು ಉತ್ತರಗಳಿವೆ: 240, 339, 415, 587. ನಾಲ್ಕೂ ಒಂದೊಂದು ಸಂದರ್ಭದಲ್ಲಿ ಸರಿ. ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ ನಡುವಿನ ಅನುಪಾತ ಸುಮಾರು 2.45. ಟಾರ್ಕ್ ವೋಲ್ಟೇಜಿನ ವರ್ಗದಂತೆ ಬದಲಾಗುವುದರಿಂದ, ಸ್ಯಾಚುರೇಶನ್ ಬದಿಗಿಟ್ಟರೆ, ಉತ್ತರದಲ್ಲಿ ಆರು ಪಟ್ಟು ವ್ಯತ್ಯಾಸ. ಜಾಲರಿಯ ತ್ರಿಕೋನಗಳನ್ನು ಇನ್ನಷ್ಟು ಸಣ್ಣದು ಮಾಡಿ ಶೇಕಡಾ ಒಂದರ ನಿಖರತೆಗಾಗಿ ರಾತ್ರಿಯೆಲ್ಲ ಕಂಪ್ಯೂಟರ್ ಓಡಿಸುವವರು, ಆರು ಪಟ್ಟಿನ ಈ ಬಾಗಿಲನ್ನು ತೆರೆದಿಟ್ಟೇ ಮಲಗುತ್ತಾರೆ.

ಇನ್ನು ಕೆಲವರು ವೋಲ್ಟೇಜಿನ ಗೊಡವೆಯೇ ಬೇಡವೆಂದು ಕರೆಂಟನ್ನೇ ನೇರವಾಗಿ ಕೊಡುತ್ತಾರೆ. ಆಗ ಸ್ಟಾರ್ ಡೆಲ್ಟಾದ ಪ್ರಶ್ನೆಯೇ ಮಾಯ. ಹೇಳಿದಷ್ಟು ಕರೆಂಟು, ಹೇಳಿದ ಆಕಾರದಲ್ಲಿ ಹರಿಯುತ್ತದೆ. ನಿಜದ ಡೆಲ್ಟಾದಲ್ಲಿ ಯಾರೂ ಹೇಳದ ಕರೆಂಟೂ ಹರಿಯುತ್ತದೆ. ಕಬ್ಬಿಣದ ಹಲ್ಲುಗಳು ಸ್ಯಾಚುರೇಟ್ ಆದಾಗ ಹುಟ್ಟುವ ಮೂರನೇ ಹಾರ್ಮೋನಿಕ್‌ಗೆ ಸ್ಟಾರ್‌ನಲ್ಲಿ ಹರಿಯಲು ದಾರಿಯಿಲ್ಲ. ಡೆಲ್ಟಾದ ಮುಚ್ಚಿದ ತ್ರಿಕೋನದಲ್ಲಿ ಅದು ಸುತ್ತುತ್ತಲೇ ಇರುತ್ತದೆ, ಹೊರಗಿನ ಆಂಪಿಯರ್ ಮೀಟರಿಗೂ ಕಾಣದೆ ಒಳಗೆ ಬಿಸಿ ಮಾಡುತ್ತದೆ. ಅಯಸ್ಕಾಂತ ಕೂರಿಸಿದ ಹೊಸ ಮೋಟಾರುಗಳಲ್ಲಿ, ಸ್ಕೂಟರಿನದಾಗಲಿ ಫ್ಯಾನಿನದಾಗಲಿ, ಭಾರವೇ ಇಲ್ಲದಾಗಲೂ ಇದು ಸುತ್ತಬಲ್ಲದು. ಆದ್ದರಿಂದ ‘ಇದೆಲ್ಲ ಹಳೆಯ ಮೋಟಾರುಗಳ ಕತೆ’ ಎಂಬ ಸಮಾಧಾನಕ್ಕೂ ಜಾಗವಿಲ್ಲ.

ಕಾಲು ಮೋಟಾರಿನ ಸುಳ್ಳು

ಸಮಯ ಉಳಿಸಲು ಎಲ್ಲರೂ ಮಾಡುವ ಇನ್ನೊಂದು ಕೆಲಸವಿದೆ. ನಾಲ್ಕು ಧ್ರುವದ ಮೋಟಾರಾದರೆ ಕಾಲು ಭಾಗ ಮಾತ್ರ ಬಿಡಿಸಿ, ಉಳಿದ ಮುಕ್ಕಾಲು ಇದರಂತೆಯೇ ಎಂದು ಪ್ರೋಗ್ರಾಮಿಗೆ ಹೇಳುವುದು. ಹೊಸದಾಗಿ, ನೆಟ್ಟಗೆ, ತಪ್ಪಿಲ್ಲದೆ ಕಟ್ಟಿದ ಮೋಟಾರಿಗೆ ಇದು ನ್ಯಾಯ. ಆದರೆ ಮೋಟಾರು ಕೆಡುವುದು ಸಮವಾಗಿ ಅಲ್ಲ.

ಬೇರಿಂಗ್ ಸವೆದು ರೋಟರ್ ಒಂದು ಬದಿಗೆ ಕೂದಲೆಳೆಯಷ್ಟು ಸರಿದಿದೆ ಎನ್ನಿ. ಆ ಬದಿಯಲ್ಲಿ ಗಾಳಿಯ ಸಂದು ಕಿರಿದು, ಅಲ್ಲಿನ ಕಾಯಿಲ್‌ಗಳಲ್ಲಿ ಹುಟ್ಟುವ ವೋಲ್ಟೇಜು ಬೇರೆ. ಎಲ್ಲ ಗುಂಪುಗಳೂ ಸೀರೀಸ್‌ನಲ್ಲಿದ್ದರೆ ಎಲ್ಲಕ್ಕೂ ಒಂದೇ ಕರೆಂಟು, ರೋಟರನ್ನು ಒಂದು ಬದಿಗೆ ಎಳೆಯುವ ಕಾಂತಬಲ ಹೆಚ್ಚು. ಪ್ಯಾರಲಲ್ ದಾರಿಗಳಿದ್ದರೆ ಅವುಗಳ ನಡುವೆ ಒಂದು ಒಳಕರೆಂಟು ಸುತ್ತಿ ಆ ಎಳೆತವನ್ನು ತಗ್ಗಿಸುತ್ತದೆ, ಜೊತೆಗೆ ಒಂದಿಷ್ಟು ಬಿಸಿಯನ್ನೂ ಕೂಡಿಸುತ್ತದೆ. ಯಾವ ಗುಂಪನ್ನು ಯಾವುದರ ಜೊತೆ ಪ್ಯಾರಲಲ್ ಮಾಡಿದೆ ಎಂಬುದರ ಮೇಲೆ ಬೇರಿಂಗಿನ ಆಯುಸ್ಸೂ ನಿಂತಿದೆ. ಕಾಲು ಮೋಟಾರಿನ ಚಿತ್ರದಲ್ಲಿ ಇದು ಎಂದೂ ಕಾಣುವುದಿಲ್ಲ, ಏಕೆಂದರೆ ಕಾಲು ಮೋಟಾರಿಗೆ ಎದುರಿನ ಬದಿಯೇ ಇಲ್ಲ.

ಒಂದು ಕಾಯಿಲ್ ತಿರುವುಮುರುವಾಗಿ ಕೂಡಿದೆ ಎನ್ನಿ. 12ರಲ್ಲಿ ಒಂದು ಉಲ್ಟಾ ಆದರೆ ತಾನೂ ಕೊಡುವುದಿಲ್ಲ, ಇನ್ನೊಂದರದನ್ನೂ ಕಳೆಯುತ್ತದೆ. ಎಲ್ಲವೂ ಸೀರೀಸ್‌ನಲ್ಲಿರುವ ಫೇಸಿನಲ್ಲಿ ಸುಮಾರು ಆರರಲ್ಲಿ ಒಂದು ಭಾಗ ಹೋಯಿತು. ನಿಜದ ಮೋಟಾರು ಗೊರಗುಟ್ಟುತ್ತದೆ, ಮೂರು ಫೇಸಿನ ಕರೆಂಟು ಮೂರು ಬಗೆಯಾಗುತ್ತದೆ. ಕಾಲು ಮಾಡೆಲ್ ಆ ತಪ್ಪನ್ನು ನಾಲ್ಕೂ ಧ್ರುವಕ್ಕೆ ಹಂಚಿ, ಎಲ್ಲಿಯೂ ಇಲ್ಲದ ನಾಲ್ಕು ತಪ್ಪಿನ ಮೋಟಾರೊಂದನ್ನು ತೋರಿಸುತ್ತದೆ.

ಅಂಗಡಿಯವರು ಇದಕ್ಕೆ ಏನು ಮಾಡುತ್ತಾರೆ? ರೋಟರ್ ಹಾಕುವ ಮುನ್ನ ಸ್ಟೇಟರಿಗೆ ಕಡಿಮೆ ವೋಲ್ಟೇಜಿನ ಮೂರು ಫೇಸ್ ಕೊಟ್ಟು ಒಳಗೆ ಒಂದು ಬೇರಿಂಗಿನ ಗುಂಡು ಬಿಡುತ್ತಾರೆ. ಜೋಡಣೆ ಸರಿಯಿದ್ದರೆ ಗುಂಡು ಒಳಗೋಡೆಯುದ್ದಕ್ಕೂ ಸರಾಗ ಓಡುತ್ತದೆ. ತಪ್ಪಿದ್ದರೆ ತಡವರಿಸುತ್ತದೆ, ನಿಲ್ಲುತ್ತದೆ. ಒಂದು ಉಕ್ಕಿನ ಗುಂಡು, ಒಂದು ನಿಮಿಷ, ಪೂರ್ತಿ ಮೋಟಾರಿನ ಪರೀಕ್ಷೆ. ಸಿಮ್ಯುಲೇಶನ್ ಬೇಡವೆಂದು ಇದರರ್ಥವಲ್ಲ. ಗುಂಡಿನಿಂದ ದಕ್ಷತೆ ಗೊತ್ತಾಗುವುದಿಲ್ಲ, ಹಲ್ಲಿನ ತುದಿಯ ಬಿಸಿ ಗೊತ್ತಾಗುವುದಿಲ್ಲ. ಆದರೆ ಜೋಡಣೆಯನ್ನು ಪರೀಕ್ಷಿಸದೆ ಮುಂದಿನ ಲೆಕ್ಕಕ್ಕೆ ಹೋಗಬಾರದೆಂಬ ಶಿಸ್ತು ಗುಂಡು ಬಿಡುವವನಿಗಿದೆ, ಮೌಸ್ ಒತ್ತುವವನಿಗಿಲ್ಲ.

‘ಅದನ್ನು ಪ್ರೋಗ್ರಾಂ ನೋಡಿಕೊಳ್ಳುತ್ತದೆ’

ಎದುರಾಳಿಯ ಬಲವಾದ ವಾದ ಇದು. ಸ್ಲಾಟು, ಪೋಲು, ಫೇಸು ಹೇಳಿದರೆ ಈಗಿನ ಪ್ರೋಗ್ರಾಮುಗಳು ಚೊಕ್ಕಟವಾದ ವೈಂಡಿಂಗ್ ಚಿತ್ರವನ್ನು ತಾವೇ ಬಿಡಿಸುತ್ತವೆ. ಹೊಸ ವಿನ್ಯಾಸ ಮಾಡುವವರಿಗೆ ಇದು ನಿಜಕ್ಕೂ ದೊಡ್ಡ ಸಹಾಯ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಪ್ರೋಗ್ರಾಂ ಬಿಡಿಸುವುದು ಇರಬಹುದಾದ ಒಂದು ಮೋಟಾರನ್ನು. ಎದುರಿಗೆ ಇರುವ ಮೋಟಾರನ್ನಲ್ಲ. ಎದುರಿನದು ಲ್ಯಾಪ್ ವೈಂಡಿಂಗೋ ಕಾನ್ಸೆಂಟ್ರಿಕ್ಕೋ, ಹಿಂದೆ ಎರಡು ಸಲ ಸುಟ್ಟಾಗ ಯಾರು ಪಿಚ್ ಬದಲಿಸಿದರು, ಬೇಕಾದ ಗೇಜಿನ ತಂತಿ ಸಿಗದೆ ಯಾವ ಎರಡು ಗೇಜು ಕೂಡಿಸಿದರು ಎಂಬುದು ಪ್ರೋಗ್ರಾಮಿಗೆ ಹೇಗೆ ತಿಳಿಯಬೇಕು?

ಇನ್ನೊಂದು ವಾದ ವೈಂಡರುಗಳ ಮೇಲಿನದು: ರಿವೈಂಡ್ ಮಾಡಿದರೆ ದಕ್ಷತೆ ಹಾಳು, ಹೊಸದು ಕೊಳ್ಳುವುದೇ ಲೇಸು. ಇದರಲ್ಲಿ ಅರ್ಧ ಸತ್ಯವಿದೆ. ಹಳೆಯ ತಾಮ್ರ ಕೀಳಲು ಸ್ಟೇಟರನ್ನು ಬೇಕಾಬಿಟ್ಟಿ ಬೆಂಕಿಗೆ ಹಿಡಿದರೆ ಕಬ್ಬಿಣದ ತಗಡುಗಳ ನಡುವಿನ ಇನ್ಸುಲೇಶನ್ ಸುಟ್ಟು ನಷ್ಟ ಹೆಚ್ಚುತ್ತದೆ. ಸುತ್ತು ಕಡಿಮೆ ಮಾಡಿ ತಾಮ್ರ ಉಳಿಸುವವರೂ ಇದ್ದಾರೆ. ಆದರೆ ಅಮೆರಿಕದ ಮತ್ತು ಬ್ರಿಟನ್ನಿನ ರಿಪೇರಿ ಉದ್ಯಮದ ಸಂಘಗಳಾದ ಇಎಎಸ್‌ಎ, ಎಇಎಂಟಿ ಸೇರಿ ಮಾಡಿಸಿ 2003ರಲ್ಲಿ ಪ್ರಕಟಿಸಿದ ಪರೀಕ್ಷೆಗಳು, ಒಳ್ಳೆಯ ಕ್ರಮದಲ್ಲಿ ರಿವೈಂಡ್ ಮಾಡಿದ ಮೋಟಾರುಗಳು ದಕ್ಷತೆ ಉಳಿಸಿಕೊಳ್ಳುತ್ತವೆ ಎಂದು ತೋರಿಸಿವೆ. ಒಳ್ಳೆಯ ಕ್ರಮಕ್ಕೆ ಮೊದಲು ಬೇಕಾದದ್ದು ಮೂಲ ವೈಂಡಿಂಗಿನ ಲೆಕ್ಕ. ಅದನ್ನು ಬಚ್ಚಿಟ್ಟವರೇ ರಿವೈಂಡಿಂಗ್ ಕಳಪೆ ಎಂದು ದೂರುವುದು, ಅಡುಗೆಯ ಅಳತೆ ಹೇಳದೆ ಸಾರು ಕೆಟ್ಟಿದೆ ಎಂದು ಬೈದ ಹಾಗೆ.

ಮೂರನೆಯ ವಾದ ತಯಾರಕರ ಗುಟ್ಟಿನದು. ಈ ಗುಟ್ಟು ಯಾರಿಂದ? ಪೈಪೋಟಿಯ ಕಂಪನಿ ಒಂದು ಮೋಟಾರು ಕೊಂಡು, ಕಾಯಿಲಿನ ತಲೆ ಕತ್ತರಿಸಿ, ಒಂದು ಮಧ್ಯಾಹ್ನದಲ್ಲಿ ಎಲ್ಲವನ್ನೂ ಎಣಿಸಿಬಿಡಬಹುದು. ಅವರಿಂದ ಅದು ಗುಟ್ಟಲ್ಲ. ಹಣ ಕೊಟ್ಟು ಕೊಂಡ ಗಿರಾಕಿಯಿಂದ, ರಿಪೇರಿಯವನಿಂದ ಮಾತ್ರ ಗುಟ್ಟು.

ಯಾರು ಉಳಿಸಿಕೊಂಡರು

ಮೂರು ಫೇಸಿನ ಪಂಜರ ರೋಟರಿನ ಮೋಟಾರನ್ನು 1889ರಲ್ಲಿ ರೂಪಿಸಿದವನು ಜರ್ಮನಿಯ ಎಇಜಿ ಕಂಪನಿಯ ದೊಲಿವೊ-ದೊಬ್ರೊವೊಲ್ಸ್ಕಿ. ಅದೇ ಎಇಜಿಯ ಸಹಯೋಗದಲ್ಲಿ 1956ರಲ್ಲಿ ಬೆಂಗಳೂರಿನಲ್ಲಿ ಎನ್‌ಜಿಇಎಫ್ ಹುಟ್ಟಿತು. ಬೈಯಪ್ಪನಹಳ್ಳಿಯ ಆ ಕಾರ್ಖಾನೆಯ ಮೋಟಾರುಗಳು ಕರ್ನಾಟಕದ ಹೊಲ, ಗಿರಣಿ, ನೀರಿನ ಪಂಪುಗಳಿಗೆ ಹೋದವು. 2002ರಲ್ಲಿ ಕಾರ್ಖಾನೆ ಮುಚ್ಚಿತು. ಮೋಟಾರುಗಳು ನಿಲ್ಲಲಿಲ್ಲ. ಅಂಥದೊಂದು ಸುಟ್ಟರೆ ಎಷ್ಟು ಸುತ್ತು ಎಂದು ಕೇಳಲು ಈಗ ಎಲ್ಲಿಗೆ ಹೋಗಬೇಕು? ತಾಲ್ಲೂಕು ಪೇಟೆಯ ರಿವೈಂಡಿಂಗ್ ಅಂಗಡಿಗೆ, ಅಲ್ಲಿನ ಎಣ್ಣೆ ಹಿಡಿದ ನೋಟ್‌ಬುಕ್ಕಿಗೆ. ಕಂಪನಿ ಸತ್ತಮೇಲೆ ಅದರ ವಿದ್ಯೆ ಉಳಿಯುವುದು ರಿಪೇರಿ ಮಾಡಿದವರ ಕೈಯಲ್ಲಿ.

ಆದರೆ ಆ ನೋಟ್‌ಬುಕ್ಕಿಗೂ ಒಂದು ಮಾತು ಸಲ್ಲಬೇಕು. ವೈಂಡರುಗಳೂ ಗುಟ್ಟು ಕಾಯುತ್ತಾರೆ. ಶಿಷ್ಯನಿಗೆ ಕಾಯಿಲ್ ಸುತ್ತಲು ಹೇಳಿಕೊಟ್ಟು ಕನೆಕ್ಷನ್ ಮಾತ್ರ ತಾವೇ ಮಾಡುವ ಉಸ್ತಾದರು ಪ್ರತಿ ಊರಿನಲ್ಲೂ ಇದ್ದಾರೆ. ಅವರು ತೀರಿಕೊಂಡ ದಿನ ನೋಟ್‌ಬುಕ್ಕು ರದ್ದಿಗೆ ಹೋಗುತ್ತದೆ. ದೊಡ್ಡ ಕಂಪನಿಯ ಗುಟ್ಟನ್ನು ಬೈಯುವ ಲೇಖನ ಸಣ್ಣ ಅಂಗಡಿಯ ಗುಟ್ಟನ್ನು ಸಂಪ್ರದಾಯವೆಂದು ಹೊಗಳಲಾಗದು.

ಏನಾಗಬೇಕು

ಜಗತ್ತಿನಲ್ಲಿ ಬಳಸುವ ವಿದ್ಯುತ್ತಿನ ಶೇಕಡಾ 40ಕ್ಕೂ ಹೆಚ್ಚು ಭಾಗ ಮೋಟಾರು ಮತ್ತು ಅವು ಓಡಿಸುವ ಯಂತ್ರಗಳಿಗೆ ಹೋಗುತ್ತದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2011ರಲ್ಲೇ ಲೆಕ್ಕ ಹಾಕಿತ್ತು. ಅಂಥ ವಸ್ತುವಿನ ಒಳಗುಟ್ಟು ಊಹೆಯ ಮೇಲೆ ನಡೆಯಬಾರದು. ಡೆಲ್ಟಾದ ಮೋಟಾರನ್ನು ಯಾರೋ ಸ್ಟಾರ್‌ನಲ್ಲಿ ಕಟ್ಟಿ ಪೂರ್ತಿ ಭಾರ ಹೊರಿಸಿದರೆ ಟಾರ್ಕಿನ ಶಕ್ತಿ ಮೂರನೇ ಒಂದಕ್ಕೆ ಇಳಿದು, ವೈಂಡಿಂಗಿನಲ್ಲಿ ಕರೆಂಟು ಏರಿ, ತಾಮ್ರ ಬೆಂದುಹೋಗುತ್ತದೆ. ಸ್ಟಾರ್‌ನದನ್ನು ಡೆಲ್ಟಾದಲ್ಲಿ ಕಟ್ಟಿದರೆ ಇನ್ನೂ ಬೇಗ. ಬೇಸಿಗೆಯಲ್ಲಿ ಪಂಪ್ ಸುಟ್ಟ ರೈತನಿಗೆ ಅದು ಒಂದು ಬೆಳೆ. ಅಂಬರನಾಥದ ಸಣ್ಣ ಕಾರ್ಖಾನೆಗೆ ಅದು ಒಂದು ಆರ್ಡರು.

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೃಷಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಮೋಟಾರಿನ ಮಟ್ಟಿಗೆ ಆ ಹಕ್ಕಿಗೆ ಅರ್ಥ ಬರಬೇಕಾದರೆ ಕೈಪಿಡಿಯ ಚಂದದ ಫೋಟೋ ಸಾಲದು. ಟರ್ಮಿನಲ್ ಬಾಕ್ಸಿನ ಮುಚ್ಚಳದ ಒಳಗೆ ಆರು ಅಂಕಿ ಅಂಟಿಸಿದರೆ ಸಾಕು: ಸ್ಲಾಟು, ಕಾಯಿಲಿಗೆ ಸುತ್ತು, ಪಿಚ್, ತಂತಿಯ ಗೇಜು ಮತ್ತು ಎಳೆ, ಪ್ಯಾರಲಲ್ ದಾರಿ, ಸ್ಟಾರ್ ಅಥವಾ ಡೆಲ್ಟಾ. ಒಂದು ಸ್ಟಿಕ್ಕರಿನ ಖರ್ಚು.

ಕಾಲೇಜುಗಳು ಒಂದು ಸ್ಟೇಟರನ್ನಾದರೂ ಬಿಚ್ಚಿ, ಎಣಿಸಿ, ಕನೆಕ್ಷನ್ ಚಿತ್ರವನ್ನು ಕೈಯಲ್ಲಿ ಬರೆಯದ ವಿದ್ಯಾರ್ಥಿಯ ಸಿಮ್ಯುಲೇಶನ್‌ಗೆ ಮಾರ್ಕ್ಸ್ ಕೊಡಬಾರದು. ಬಿಡಿಸಿದ ಮಾಡೆಲ್ಲಿನ ನೋ-ಲೋಡ್ ಕರೆಂಟನ್ನೂ ವೈಂಡಿಂಗಿನ ರೆಸಿಸ್ಟೆನ್ಸನ್ನೂ ನಿಜದ ಮೋಟಾರಿನ ಅಳತೆಯ ಪಕ್ಕದಲ್ಲಿಟ್ಟು ತೋರಿಸಬೇಕು. ಜೋಡಿ ತಂತಿಯ ತಪ್ಪು ಸಿಕ್ಕಿಬೀಳುವುದು ಆ ಎರಡನೇ ಅಳತೆಯಲ್ಲೇ. ವರದಿಯ ಮೊದಲ ಪುಟದಲ್ಲಿ ಬಣ್ಣದ ಚಿತ್ರವಲ್ಲ, ಜೋಡಣೆಯ ಪಟ್ಟಿ ಇರಬೇಕು. ಪಟ್ಟಿಯಿಲ್ಲದ ವರದಿಯನ್ನು ಕಂಪನಿಗಳೂ ವಾಪಸು ಕಳಿಸಬೇಕು.

ವೈಂಡರುಗಳು ನೋಟ್‌ಬುಕ್ಕು ತೆರೆಯಬೇಕು. ಎಫ್‌ಇಎಂಎಂ ಪುಕ್ಕಟೆ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ 36 ಸ್ಲಾಟಿನ ಮಾಡೆಲ್ ಓಡುತ್ತದೆ. ಅದರಲ್ಲಿ ಪ್ರತಿ ಸ್ಲಾಟಿನ ಸುತ್ತನ್ನೂ ದಿಕ್ಕಿನ ಚಿಹ್ನೆಯನ್ನೂ ಒಂದೊಂದಾಗಿ ಕೈಯಿಂದಲೇ ಹಾಕಬೇಕು. ಎರಡು ಪ್ಯಾರಲಲ್ ದಾರಿಯಾದರೆ ಕರೆಂಟನ್ನು ಎರಡರಿಂದ ಭಾಗಿಸಿ ಕೊಡುವುದನ್ನೂ ಮನುಷ್ಯನೇ ನೆನಪಿಡಬೇಕು. ದುಬಾರಿ ಪ್ರೋಗ್ರಾಮುಗಳ ಮುಂದೆ ಇದು ಕೊರತೆ ಎನಿಸಬಹುದು. ಕಲಿಯುವವನಿಗೆ ಇದೇ ಅದರ ದೊಡ್ಡ ಗುಣ. ಅದು ಜೋಡಣೆಯನ್ನು ಊಹಿಸುವುದಿಲ್ಲ, ಗೊತ್ತಿದೆಯೇ ಎಂದು ಪ್ರತಿ ಸ್ಲಾಟಿನಲ್ಲೂ ಕೇಳುತ್ತದೆ.

ಸ್ಲಾಟುಗಳನ್ನು ತುಂಬಲು ಸುತ್ತು ಬಲ್ಲವನೊಬ್ಬ, ಸಮೀಕರಣ ಬಲ್ಲವನೊಬ್ಬ ಒಂದೇ ಬೆಂಚಿನ ಮೇಲೆ ಕೂರಬೇಕು. ಒಬ್ಬನಿಗೆ ಕಾಕಾ ಎನ್ನಲು ನಾಚಿಕೆಯಾಗಬಾರದು, ಇನ್ನೊಬ್ಬನಿಗೆ ತಮ್ಮಾ ಎಂದು ಹೇಳಿಕೊಡಲು ಬೇಸರವಾಗಬಾರದು. ಸುಟ್ಟ ಮೋಟಾರು ಮೇಜಿನ ಮೇಲಿದೆ, ಆರು ತುದಿಗಳು ಹೊರಗೆ ನೇತಾಡುತ್ತಿವೆ. ಯಾವುದು ಯಾವುದಕ್ಕೆ ಎಂದು ಮೊದಲು ಕೇಳಬೇಕು, ಆಮೇಲೆ ಎಂಟರ್ ಒತ್ತಬೇಕು.